ಜಂಗು

ಕಳೆದ ಮಹಾನವಮಿಗೆ ಹದಿನೈದು ದಿನ ಮುಂಚೆ ನಮ್ಮ ಮನೆಯಲ್ಲಿ ಕಳವಾಯಿತು. ಹೋದದ್ದು ಒಂದೂವರೆ ಕಿಲೋ ಹುಣಸೆಹಣ್ಣು. ಕದ್ದವನು ನಾನು.

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು ಮಂದಿಯ ದುಡ್ಡು ಎಣಿಸಿ, ಒಂದು ಪೈಸೆಗೂ ಆಸೆಪಡದೆ ನಿವೃತ್ತನಾಗಿ ಬೈಲಹೊಂಗಲದಲ್ಲಿ ನೆಲೆಸಿದ ಮನುಷ್ಯ, ಅರವತ್ತೆರಡನೆಯ ವಯಸ್ಸಿನಲ್ಲಿ ತನ್ನದೇ ಅಡಿಗೆಮನೆಯ ಭರಣಿಗೆ ಕೈಹಾಕುತ್ತಾನೆಂದರೆ ಅದಕ್ಕೆ ಬಲವಾದ ಕಾರಣ ಇರಲೇಬೇಕಲ್ಲ. ಇತ್ತು. ಆ ಕಾರಣ ಹಿತ್ತಲಿನಲ್ಲಿ ಗೋಣಿತಟ್ಟಿನ ಮೇಲೆ ಸಾಲಾಗಿ ಮಲಗಿತ್ತು. ಒಂದು ಬಾಚಿ, ಮೂರು ಉಳಿ, ಎರಡು ಕುಡಗೋಲು, ಒಂದು ಕುರ್ಪಿ, ಹಲ್ಲು ಉದುರಿದ ಒಂದು ಗರಗಸ, ಬಾಯಿ ತೆರೆಯಲೊಪ್ಪದ ಒಂದು ಇಕ್ಕಳ. ಎಲ್ಲವೂ ಅಪ್ಪನವು. ಎಲ್ಲವೂ ಒಂದೇ ಬಣ್ಣ. ಯಾವುದು ಕಬ್ಬಿಣ, ಯಾವುದು ಒಣಗಿದ ಮಣ್ಣಿನ ಹೆಂಟೆ ಎಂದು ಹೇಳಬೇಕಾದರೆ ಕೈಯಲ್ಲಿ ಎತ್ತಿ ತೂಕ ನೋಡಬೇಕಿತ್ತು.

ಅಪ್ಪ ಬಡಿಗನಲ್ಲ, ರೈತ. ಆದರೆ ಕುಂಟೆಯ ತಾಳು ಸಡಿಲಾದರೆ, ಕೊಡಲಿಯ ಕಾವು ಮುರಿದರೆ, ಬಡಿಗೇರರ ಮನೆಗೆ ಓಡುವ ಜಾತಿಯವನೂ ಅಲ್ಲ. ಜಾಲಿಯ ಕಟ್ಟಿಗೆಯೊಂದನ್ನು ಕಾಲಿನಲ್ಲಿ ಅದುಮಿ ಹಿಡಿದು ತಾನೇ ಕೆತ್ತುತ್ತಿದ್ದ. ಅವನು ತೀರಿಕೊಂಡಾಗ ನಾನು ಯಾವುದೋ ಊರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಮುಂದಿನ ವರ್ಗಾವಣೆಯ ದಾರಿ ಕಾಯುತ್ತ ಕೂತಿದ್ದೆ. ಸಾಮಾನು ತುಂಬಿದ ತಗಡಿನ ಟ್ರಂಕು ರಾಮದುರ್ಗದ ಕಡೆ, ಹೊಳೆದಂಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಯಿತು. ಹೋಗಿ ನಾಗೊಂದಿಗೆಯ ಕೆಳಗೆ ಕೂತಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿದಳಲ್ಲ, ಆಗ ಅಕ್ಕನ ಮನೆಗೂ ಬಂದಳು. ಅಕ್ಕ ಎಮ್ಮೆ, ಮಕ್ಕಳು, ಜೋಳದ ಚೀಲ, ಈ ಕ್ರಮದಲ್ಲಿ ಪಾರು ಮಾಡಿದಳು. ಟ್ರಂಕಿನ ಪಾಳಿ ಬರುವ ಹೊತ್ತಿಗೆ ಹೊಳೆಯೇ ಅದನ್ನು ನೋಡಿಕೊಂಡಿತ್ತು. ನೀರು ಇಳಿಯಿತು, ಎರೆಮಣ್ಣಿನ ರಾಡಿ ಮಾತ್ರ ಟ್ರಂಕಿನೊಳಗೇ ಉಳಿಯಿತು. ಕಳೆದ ವರ್ಷ ಅಕ್ಕ ಮನೆ ಕೆಡವಿ ಹೊಸದು ಕಟ್ಟಿಸುವಾಗ ಫೋನು ಮಾಡಿದಳು. "ನಿಮ್ಮಪ್ಪನ ಆಸ್ತಿ ಐತಿ, ಒಯ್ತೀಯೋ ಗುಜರಿಗೆ ಹಾಕ್ಲೋ?" ಅಪ್ಪ ಅವಳಿಗೂ ಅಪ್ಪನೇ. ಆದರೆ ಜಂಗು ಹಿಡಿದ ಆಸ್ತಿ ಗಂಡುಮಕ್ಕಳಿಗೆ ಎಂಬುದು ಅವಳ ಕಾಯಿದೆ.

ಜಂಗು ಅಂದೆ ನೋಡಿ. ಪುಸ್ತಕದಲ್ಲಿ ಬರೆಯುವಾಗ ತುಕ್ಕು ಅನ್ನುತ್ತೇವೆ, ಬಾಯಲ್ಲಿ ಬರುವುದು ಜಂಗೇ. ತುಸು ಮರಾಠಿ ಗಾಳಿ ಬೀಸುವ ಕಡೆ ಹೋದರೆ ಗಂಜು ಅನ್ನುವವರೂ ಸಿಗುತ್ತಾರೆ. ಹಿತ್ತಾಳೆ, ತಾಮ್ರಕ್ಕೆ ಹತ್ತುವುದು ಮಾತ್ರ ಕಿಲುಬು. ಅದು ಬೇರೆ ಮನೆತನ. ಕಿಲುಬು ಮರ್ಯಾದಸ್ಥ, ತಾಮ್ರದ ಮೇಲೆ ತೆಳ್ಳಗೆ ಹೊದಿಕೆಯಂತೆ ಕೂತು ಒಳಗಿನದನ್ನು ಕಾಯುತ್ತದೆ. ತುಕ್ಕು ಹಾಗಲ್ಲ. ಕಬ್ಬಿಣ, ಗಾಳಿ, ನೀರು ಮೂರೂ ಕೂಡಿದಲ್ಲಿ ಹುಟ್ಟಿ, ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಜಾಗ ಸಾಲದೆ ಕಡಕ್ ರೊಟ್ಟಿಯಂತೆ ಪದರು ಪದರಾಗಿ ಎದ್ದು ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಬತ್ತಲಾಗಿ ಮತ್ತೆ ಊಟಕ್ಕೆ ಕರೆಯುತ್ತದೆ. ಹಳೆಯ ಸ್ಲ್ಯಾಬುಗಳಲ್ಲಿ ಸರಳು ಉಬ್ಬಿ ಸಿಮೆಂಟು ತಲೆಯ ಮೇಲೆ ಬೀಳುವುದೂ ಇದೇ ಹೊಟ್ಟೆಬಾಕತನದಿಂದ. ನಿಂತಲ್ಲೇ ನಿಂತದ್ದಕ್ಕೆ ಹತ್ತುವುದು ಜಂಗು, ಊರೂರು ತಿರುಗುವುದು ಜಂಗಮ ಎಂದು ನನಗೊಂದು ದಿನ ಹೊಳೆಯಿತು. ಭಾರೀ ಮಾತು ಅನ್ನಿಸಿ ಪಕ್ಕದ ಮನೆಯ ಸ್ವಾಮಿಗಳಿಗೆ ಹೇಳಿದೆ. ಅವರು ನಗಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗಿರಿ, ಬೊಜ್ಜು ಬಂದೈತಿ ಎಂದರು.

ಮತ್ತೆ ಹುಣಸೆಹಣ್ಣಿಗೆ ಬರೋಣ. ಹಿತ್ತಾಳೆ ಚರಿಗೆ ಹುಣಸೆಹಣ್ಣಿಗೆ ಫಳಫಳ ಹೊಳೆಯುವುದನ್ನು ಹುಟ್ಟಿದಾರಭ್ಯ ನೋಡಿದ್ದೇನೆ. ಕಬ್ಬಿಣವೂ ಹೊಳೆಯಬೇಕು ತಾನೇ? ತರ್ಕದಲ್ಲಿ ತಪ್ಪಿರಲಿಲ್ಲ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಖಂಡಿತ ಕರಗಿಸುತ್ತದೆ. ಬಕೇಟಿನಲ್ಲಿ ಕಿವುಚಿ, ಸಾಮಾನೆಲ್ಲ ಮುಳುಗಿಸಿ, ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೀರು ಇದ್ದಿಲಿನಂತೆ ಕಪ್ಪು. ತೆಂಗಿನ ನಾರಿನಲ್ಲಿ ತಿಕ್ಕಿದರೆ ಜಂಗು ಕೆಸರಿನಂತೆ ಜಾರಿ, ಒಳಗಿನಿಂದ ಬೂದುಬಣ್ಣದ ಉಕ್ಕು ಕಣ್ಣು ಬಿಟ್ಟಿತು. ಗೆದ್ದೆ ಎಂದುಕೊಂಡು ಬಿಸಿಲಿಗಿಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲವೂ ಹಳದಿ. ಸಂಜೆಗೆ ಕೇಸರಿ. ಮಾರನೆಯ ದಿನ ಮೊದಲಿಗಿಂತ ಕೆಂಪು.

ಏನಾಯಿತೆಂದು ಹೇಳಿದವಳು ಹೆಂಡತಿಯೇ, ಅದೂ ಬೈಗುಳದ ನಡುವೆ. "ಬೀಜಾ ಬಿಡಿಸಿ, ಉಪ್ಪು ಹಚ್ಚಿ, ಉಂಡಿ ಕಟ್ಟಿ ವರ್ಷಕ್ಕಾಗೂವಷ್ಟು ಇಟ್ಟಿದ್ನಿ, ಅದನ್ನ ಒಯ್ದು ಕುಡಗೋಲಿಗೆ ತಿನಿಸೀರಲ್ರಿ!" ಉಪ್ಪು ಹಚ್ಚಿ! ಹುಳಿ ತೆಗೆದ ಜಂಗನ್ನು ಉಪ್ಪು ಬಡ್ಡಿ ಸಮೇತ ಮರಳಿ ತಂದಿತ್ತು. ಸಮುದ್ರದ ದಂಡೆಯ ಊರುಗಳಲ್ಲಿ ಕಿಟಕಿಯ ಸರಳು ಯಾಕೆ ಬೇಗ ಸವೆಯುತ್ತದೆ ಎಂಬುದು ಬೈಲಹೊಂಗಲದ ಹಿತ್ತಲಿನಲ್ಲಿ ನನಗೆ ತಿಳಿಯಿತು. ಬಡ್ಡಿಯ ಲೆಕ್ಕ ಮಾಡಿಯೇ ಹೊಟ್ಟೆ ಹೊರೆದವನಿಗೆ ಇಷ್ಟು ತಡವಾಗಿ ತಿಳಿಯಬಾರದಿತ್ತು.

ಅಲ್ಲಿಂದ ಮುಂದೆ ಸಲಹೆಗಳ ಸುಗ್ಗಿ. ನಮ್ಮ ಓಣಿಯಲ್ಲಿ ಬೇನೆ ಬಿದ್ದವರಿಗಿಂತ ವೈದ್ಯರು ಹೆಚ್ಚು. ಒಬ್ಬರು ಘಾಸಲೇಟ ಎಣ್ಣೆಯಲ್ಲಿ ನೆನೆಸಿ ಅಂದರು. ಸರಿ, ಆದರೆ ಈಗ ಘಾಸಲೇಟ ಹುಡುಕುವುದಕ್ಕಿಂತ ಅತ್ತರು ಹುಡುಕುವುದು ಸುಲಭ. ಇನ್ನೊಬ್ಬರು ವಿನೆಗರ್ ಅಂದರು. ಪೇಟೆಯಲ್ಲಿ ಆರು ಬಾಟಲಿ ಕೇಳಿದ್ದಕ್ಕೆ ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, "ರಿಟೈರ್ ಆದಮ್ಯಾಲ ಗೋಬಿ ಮಂಚೂರಿ ಗಾಡಿ ಹಾಕ್ತೀರೇನ್ರಿ ಸರ?" ಎಂದ. ಆದರೂ ಹೇಳಬೇಕಾದ್ದು ಹೇಳಬೇಕು, ವಿನೆಗರ್ ಒಳ್ಳೆಯ ಕೆಲಸ ಮಾಡಿತು. ಒಂದು ರಾತ್ರಿ ನೆನೆಸಿ, ತಿಕ್ಕಿ, ಸೋಡಾ ನೀರಿನಲ್ಲಿ ಅದ್ದಿ ಹುಳಿ ಸಾಯಿಸಿ, ಕೂಡಲೇ ಒರೆಸಿ ಎಣ್ಣೆ ಹಚ್ಚಿದ ಕುಡಗೋಲುಗಳೆರಡೂ ಉಳಿದವು. ಕುರ್ಪಿ ಉಳಿಯಲಿಲ್ಲ. ಅದನ್ನು ವಿನೆಗರಿನಲ್ಲೇ ಮರೆತು ನಾಲ್ಕು ದಿನ ಮದುವೆಗೆ ಹೋಗಿದ್ದೆ. ಬಂದು ನೋಡಿದಾಗ ಅಂಚು ಅಪ್ಪಳದಂತಾಗಿತ್ತು. ಆಮ್ಲಕ್ಕೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ಭೇದ ಬಹಳ ಹೊತ್ತು ಇರುವುದಿಲ್ಲ.

ಎಣ್ಣೆ ಅಂದೆನಲ್ಲ, ಅದರಲ್ಲೂ ಒಂದು ಪಾಠವಾಯಿತು. ಮೊದಲು ಕೈಗೆ ಸಿಕ್ಕ ಶೇಂಗಾ ಎಣ್ಣೆ ಹಚ್ಚಿದ್ದೆ. ಅದು ಒಣಗಲಿಲ್ಲ. ಧೂಳು ಕೂತಿತು, ಇರುವೆ ಬಂತು, ರಾತ್ರಿ ಇಲಿಯೊಂದು ಬಂದು ಕುಡಗೋಲು ನೆಕ್ಕಿಹೋಯಿತು. ನಾಲಿಗೆ ಉಳಿಯಿತೋ ಇಲ್ಲವೋ ದೇವರೇ ಬಲ್ಲ. ಒಣಗುವ ಎಣ್ಣೆ ಅಗಸೆಯದು. ಗಾಳಿಗೆ ಬಿಟ್ಟರೆ ನಿಧಾನ ಗಟ್ಟಿಯಾಗಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದೂ ಅದನ್ನೇ. ಕುಸುಬೆ ಎಣ್ಣೆಗೂ ಅಷ್ಟಿಷ್ಟು ಆ ಗುಣ ಇದೆ. ಅಗಸಿ ಹಿಂಡಿಯ ಜೊತೆ ರೊಟ್ಟಿ ತಿಂದು ಬೆಳೆದವನು ಅಗಸೆಯ ಈ ಇನ್ನೊಂದು ಮುಖವನ್ನು ತಿಳಿದದ್ದು ಈಗ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ. ನಾನು ಹಗ್ಗದ ಮೇಲೆ ಹರವಿದ್ದೆ. ಹೆಂಡತಿಯ ಹೊಸ ಇಳಕಲ್ಲ ಸೀರೆಯ ಪಕ್ಕದಲ್ಲಿ. ಅದು ಬೇರೆ ಕಥೆ, ಇಲ್ಲಿ ಬೇಡ.

ಈ ನಡುವೆ ಬೆಂಗಳೂರಿನ ಮಗನಿಗೆ ಸುದ್ದಿ ಮುಟ್ಟಿ, ಅವನು ವೀಡಿಯೊ ಕರೆ ಮಾಡಿದ. ಹುಳಿ, ಎಣ್ಣೆ ಎಲ್ಲ ಹಳೆಯ ಕಾಲದ್ದು, ಕರೆಂಟಿನಿಂದ ತೆಗೆಯಬೇಕು ಅಂದ. ಪ್ಲಾಸ್ಟಿಕ್ ಬಕೇಟಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ. ಒಂದು ಕಡೆ ಹಾಳು ಕಬ್ಬಿಣದ ಸರಳು, ಇನ್ನೊಂದು ಕಡೆ ಜಂಗು ಹಿಡಿದ ಉಳಿ, ಎರಡೂ ಒಂದಕ್ಕೊಂದು ತಾಗಬಾರದು. ಬ್ಯಾಟರಿ ಚಾರ್ಜರಿನ ಎರಡು ತಂತಿ ಎರಡಕ್ಕೂ ಸಿಕ್ಕಿಸಬೇಕು. ಸರಳಿನ ಬದಲು ಸ್ಟೀಲಿನ ತಂಬಿಗೆ ಇಟ್ಟರೆ ಆಗದೇ ಎಂದು ಕೇಳಿದ್ದಕ್ಕೆ ಅಲ್ಲಿಂದಲೇ ಕೂಗಿದ. ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ, ಅದು ವಿಷವಾಗಿ ನೀರಿಗೆ ಇಳಿಯುತ್ತದೆ, ಮುಟ್ಟಬೇಡಿ! ಪಕ್ಕದ ಮನೆಯ ಟ್ರ್ಯಾಕ್ಟರಿನ ಚಾರ್ಜರ್ ತಂದೆ. ಗುಂಡಿ ಒತ್ತಿದಾಗ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಅದರಲ್ಲಿ ಹೈಡ್ರೋಜನ್ ಇರುತ್ತದೆ ಅಂತ, ಬೀಡಿ ಸೇದುತ್ತ ನೋಡಲು ಬಂದ ಚಾರ್ಜರಿನ ಮಾಲೀಕರನ್ನೇ ಅಂಗಳದಾಚೆ ಅಟ್ಟಿದೆ. ರಾತ್ರಿಯೆಲ್ಲ ಬಕೇಟು ಬುಸುಗುಟ್ಟಿತು. ನಾನು ಎರಡು ಸಲ ಎದ್ದು ಟಾರ್ಚು ಹಾಕಿ ನೋಡಿದೆ. ಮೊದಲ ಮೊಮ್ಮಗ ಹುಟ್ಟಿದಾಗಲೂ ಅಷ್ಟು ಎದ್ದಿರಲಿಲ್ಲ.

ಬೆಳಿಗ್ಗೆ ಎತ್ತಿದರೆ ಹಾಳು ಸರಳು ಬೆಳ್ಳಿಯಂತೆ ಝಗಝಗಿಸುತ್ತಿತ್ತು. ಅಪ್ಪನ ಸಣ್ಣ ಉಳಿ ಇರುವೆ ತಿಂದ ಬೆಲ್ಲದ ಅಚ್ಚಿನಂತೆ ತೂತುತೂತಾಗಿತ್ತು.

ತಂತಿ ಅದಲುಬದಲಾಗಿತ್ತು. ಉಳಿಸಬೇಕಾದ್ದಕ್ಕೆ ಋಣ, ಬಲಿಕೊಡಬೇಕಾದ್ದಕ್ಕೆ ಧನ. ಇದು ಅದರ ನಿಯಮ. ಜೀವಮಾನವಿಡೀ ಜಮಾ ಮತ್ತು ಖರ್ಚು ಎಂದು ಎರಡು ಕಲಂ ಬರೆದವನು ನಾನು, ಇದೊಂದು ದಿನ ತಪ್ಪು ಕಲಮಿಗೆ ಹಾಕಿದ್ದೆ. ಮಗನಿಗೆ ಹೇಳಲಿಲ್ಲ. "ಹೆಂಗಾತಪ್ಪಾ?" ಅಂದದ್ದಕ್ಕೆ, "ಭಾಳ ಚಲೋ ಹೊಳೀತದ" ಅಂದೆ. ಸುಳ್ಳೇನಲ್ಲವಲ್ಲ, ಸರಳು ಹೊಳೆಯುತ್ತಿತ್ತು.

ಆ ದಿನಗಳಲ್ಲಿ ನನ್ನ ಕಣ್ಣಿಗೂ ಜಂಗು ಹಿಡಿದಿತ್ತು. ನೋಡಿದ್ದರಲ್ಲೆಲ್ಲ ಅದೇ. ನೆಂಟರನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಅವರೆಲ್ಲ 1824ರ ಅಕ್ಟೋಬರ್ 23ರ ಕಾಳಗದ ಕಥೆ ಕೇಳುತ್ತಿದ್ದರೆ, ನಾನು ಕತ್ತಿಗಳ ಮುಂದೆ ಬಗ್ಗಿ, ಯಾವ ಎಣ್ಣೆ ಹಚ್ಚುತ್ತಾರೋ ಎಂದು ಮೂಗಿನಿಂದ ಪತ್ತೆ ಹಚ್ಚುತ್ತಿದ್ದೆ. ಕಾವಲಿನವನು ಎರಡು ಸಲ ಕೆಮ್ಮಿದ. ಆ ದಿನ ಇಂಗ್ಲಿಷರ ಕಡೆಯ ಥ್ಯಾಕರೆ ಸತ್ತದ್ದು ಕತ್ತಿಯಿಂದಲ್ಲ, ಅಮಟೂರ ಬಾಳಪ್ಪನ ಗುಂಡಿಗೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ರಾಣಿ ಚೆನ್ನಮ್ಮನನ್ನು ನೆನೆದರೆ ಕಣ್ಣಿಗೆ ಕಟ್ಟುವುದು ಹಿರಿದ ಕತ್ತಿಯೇ. ಅವಳನ್ನು ಸೆರೆಯಲ್ಲಿಟ್ಟದ್ದು ನಮ್ಮ ಬೈಲಹೊಂಗಲದ ಕೋಟೆಯಲ್ಲಿ. 1829ರಲ್ಲಿ ಅಲ್ಲಿಯೇ ತೀರಿಕೊಂಡಳು, ಸಮಾಧಿ ಇಲ್ಲಿಯೇ ಇದೆ. ಮನೆಯಿಂದ ಪೇಟೆಗೆ ಹೋಗುವಾಗ ಆ ಕಡೆ ಒಮ್ಮೆ ಕೈ ಎತ್ತದೆ ದಾಟುವುದಿಲ್ಲ. ಈಗ ಕೈಚೀಲದಲ್ಲಿ ಉಪ್ಪುಕಾಗದ ಇಟ್ಟುಕೊಂಡು ಕೈ ಎತ್ತುವಾಗ ತುಸು ನಾಚಿಕೆ. ಅವಳ ಕಾಲದ ಉಕ್ಕೆಲ್ಲಿ, ನನ್ನ ಕುರ್ಪಿಯೆಲ್ಲಿ.

ದಿಲ್ಲಿಯ ಮೆಹರೌಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷದಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದರಿಂದ ಮೈಮೇಲೊಂದು ಪೊರೆ ಕಟ್ಟಿ ಕಾಯುತ್ತದಂತೆ. ಅಷ್ಟು ದೂರ ಯಾಕೆ, ನಮ್ಮ ಕೊಡಚಾದ್ರಿಯ ಮೇಲೂ ಒಂದು ಹಳೆಯ ಕಬ್ಬಿಣದ ಕಂಬ ಆ ಮಳೆ, ಆ ಮಂಜು, ಆ ಕಡಲಗಾಳಿ ಎಲ್ಲ ಕುಡಿದು ನಿಂತಿದೆ. ನಾನು ಗಡ್ಡ ಹೆರೆಯುವ ಬ್ಲೇಡು ಎರಡು ದಿನ ನಿಲ್ಲುವುದಿಲ್ಲ.

ಕೊನೆಗೆ ಸೋತು, ಉಳಿದದ್ದನ್ನು ಗಂಟುಕಟ್ಟಿಕೊಂಡು ಕಂಬಾರ ಅಜ್ಜನೊಬ್ಬನ ಕುಲುಮೆಗೆ ಹೋದೆ. ಗೋಡೆಯ ಮೇಲೆ ಶಿರಸಂಗಿ ಕಾಳಮ್ಮನ ಚಿತ್ರ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಈ ತಾಯಿ ವಿಶ್ವಕರ್ಮರ ಕುಲದೇವಿ. ಸುತ್ತಿಗೆ ಹಿಡಿಯುವ ಕೈಯೆಲ್ಲ ಅವಳದೇ. ಚಿತ್ರದ ಕೆಳಗೆ ತಿದಿ ಒತ್ತುವ ಹುಡುಗನಿಲ್ಲ, ಕರೆಂಟಿನ ಗಾಳಿಪಂಖ. ಅಜ್ಜ ನನ್ನ ಗಂಟು ಬಿಚ್ಚಿ, ಬಾಚಿಯನ್ನು ಎತ್ತಿ ಮೂಸಿದ.

"ಏನೇನ್ ಹಾಕೀರಿ ಇದಕ್ಕ?"

ಪಟ್ಟಿ ಹೇಳಿದೆ. ಹೇಳುತ್ತ ಹೋದಂತೆ ಅಜ್ಜನ ಹುಬ್ಬು ಮೇಲೇರುತ್ತ ಹೋಯಿತು.

"ಕೂಸಿಗೆ ನೆಗಡಿ ಬಂದ್ರ ಇಷ್ಟ ಔಷಧ ಕೊಡ್ತೀರೇನ್ರಿ?"

ಹಾಗಾದರೆ ಕೆಂಪಗೆ ಕಾಯಿಸಿಬಿಡೋಣವೇ, ಜಂಗೆಲ್ಲ ಸುಟ್ಟುಹೋಗುತ್ತದಲ್ಲ ಎಂದೆ. ಅಜ್ಜ ಬಾಚಿಯನ್ನು ನನ್ನಿಂದ ದೂರ ಸರಿಸಿಟ್ಟ. "ಬೆಂಕಿಗೆ ಹಿಡದ್ರ ನೀರು ಇಳೀತೈತಿ." ಕಾಯಿಸಿದ ಕಬ್ಬಿಣವನ್ನು ನೀರಿಗೆ ಅದ್ದಿ ಗಡುಸು ಮಾಡುವುದಕ್ಕೆ ಅವರು ನೀರು ಕುಡಿಸುವುದು ಅನ್ನುತ್ತಾರೆ. ಬಾಯಿಗೆ ಕುಡಿಸಿದ ಆ ನೀರು ಮತ್ತೆ ಕಾಯಿಸಿದರೆ ಇಳಿದುಹೋಗಿ, ಬಾಚಿ ತವರದಂತೆ ಮೆತ್ತಗಾಗುತ್ತದೆ. ಆಮೇಲೆ ಅದರಿಂದ ಬೆಣ್ಣೆ ಕೊಯ್ಯಬಹುದು. ಅಜ್ಜ ಮಾಡಿದ್ದಿಷ್ಟು. ಸಣ್ಣ ಸುತ್ತಿಗೆಯಿಂದ ಟಕಟಕ ಬಡಿದು ಪದರು ಉದುರಿಸಿದ. ಇಟ್ಟಂಗಿ ಪುಡಿಗೆ ಹನಿ ಎಣ್ಣೆ ಹಾಕಿ ಗೋಣಿಯ ತುಂಡಿನಿಂದ ತಿಕ್ಕಿದ. ಕಲ್ಲಿನ ಮೇಲೆ ಬಾಯಿ ಮಸೆದು, ಹೆಬ್ಬೆರಳ ಉಗುರಿನ ಮೇಲಿಟ್ಟು ನೋಡಿದ. ಹರಿತ ಜಾರದೆ ಕಚ್ಚಿ ನಿಂತಿತು. ಕಪ್ಪು ಮಚ್ಚೆಗಳನ್ನು ಮುಟ್ಟಲೇ ಇಲ್ಲ. ಅವೂ ಹೋಗಬಾರದೇ ಅಂದರೆ, "ಮುಖದಾಗಿನ ಸುಕ್ಕು ತೆಗೀಲಿಕ್ಕೆ ರಂಧಾ ಹೊಡಸ್ಕೋತೀರೇನು?" ಅಂದ. ಎಷ್ಟು ಕೊಡಲಿ ಎಂದು ಕೇಳುವ ಧೈರ್ಯ ಬರಲಿಲ್ಲ. ಐದುನೂರರ ನೋಟು ಇಟ್ಟೆ, ಅಜ್ಜ ನಾನೂರೈವತ್ತು ತಿರುಗಿ ಕೊಟ್ಟ.

ಉಳಿದ ಎರಡು ಉಳಿಗಳನ್ನು ಅದೇ ವಿದ್ಯೆಯಿಂದ ನಾನೇ ಮನೆಯಲ್ಲಿ ತಿಕ್ಕಿದೆ. ಆಗ ಒಂದು ಸಂಗತಿ ಬಯಲಾಯಿತು. ಅಪ್ಪನ ಸಾಮಾನಿಗೆಲ್ಲ ಹಿಡಿಯ ಬುಡದಲ್ಲಿ ಮೂರು ಚುಕ್ಕೆ ಇರುತ್ತಿತ್ತು. ಮೊಳೆಯಿಂದ ತಾನೇ ಕುಟ್ಟಿದ್ದ. ಹಳ್ಳಿಯಲ್ಲಿ ಬಾಚಿ, ಉಳಿ ಎಂದರೆ ಕಾದಂಬರಿ ಪುಸ್ತಕವಿದ್ದ ಹಾಗೆ, ಕೊಟ್ಟರೆ ತಿರುಗಿ ಬರುವ ಭರವಸೆ ಇಲ್ಲ, ಬಂದರೂ ಗುರುತು ಸಿಗುವುದಿಲ್ಲ. ಹೀಗಾಗಿ ಚುಕ್ಕೆ. ನಡುವಿನ ಉಳಿಯಲ್ಲಿ ಮೂರೂ ಚುಕ್ಕೆ ಸ್ಪಷ್ಟ ಎದ್ದು ಬಂದವು. ಕಣ್ಣು ತುಸು ಮಂಜಾಯಿತು ಎಂದು ಒಪ್ಪಿಕೊಳ್ಳುತ್ತೇನೆ, ಇಟ್ಟಂಗಿ ಪುಡಿ ಹಾರಿತ್ತು. ಅಗಲ ಬಾಯಿಯ ದೊಡ್ಡ ಉಳಿಯನ್ನು ಎತ್ತಿಕೊಂಡೆ. ತಿಕ್ಕಿದೆ. ಚುಕ್ಕೆ ಇಲ್ಲ. ಇನ್ನೂ ತಿಕ್ಕಿದೆ. ನಿಧಾನವಾಗಿ ಒಂದು ಗುಣಾಕಾರದ ಗುರುತು ಮೂಡಿತು.

ಅಕ್ಕನಿಗೆ ಫೋನು ಮಾಡಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ನಗು. "ಅದು ಹಿಂದಿನ ಓಣಿ ಅಜ್ಜಂದೋ!"

ಹಿಂದಿನ ಓಣಿಯ ಅಜ್ಜ! ನಮ್ಮ ಬೈರಿಗೆ ಒಯ್ದು ಕೊಡದೆ ನುಂಗಿದವನು ಎಂದು ಅಪ್ಪ ಸಾಯುವ ತನಕ ಯಾರ ಹೆಸರು ಹಿಡಿದು ಹಲ್ಲು ಕಡಿಯುತ್ತಿದ್ದನೋ ಅದೇ ಅಜ್ಜ. ಕಾರಹುಣ್ಣಿಮೆಗೆ ಎದುರು ಬಂದರೂ ಅಪ್ಪ ಮಾತಾಡಿಸುತ್ತಿರಲಿಲ್ಲ. ದಸರೆಗೆ ಊರೆಲ್ಲ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವಾಗ, ಆ ಒಂದು ಮನೆ ದಾಟಿ ಹೋಗುತ್ತಿದ್ದೆವು. ಆ ಮನೆಯ ಉಳಿ ಮಾತ್ರ ಅಷ್ಟೂ ದಿನ ನಮ್ಮ ಟ್ರಂಕಿನ ತಳದಲ್ಲಿ ತಣ್ಣಗೆ ಮಲಗಿತ್ತು.

ಮಹಾನವಮಿಯ ದಿನ ಖಂಡೆಪೂಜೆಗೆ ಉಳಿದೆಲ್ಲದರ ಜೊತೆ ಅದನ್ನೂ ಇಟ್ಟು ಕುಂಕುಮ ಹಚ್ಚಿದೆ. ಮಾರನೆಯ ದಿನ ಬನ್ನಿ ಎಲೆ ಜೇಬಿಗೆ ಹಾಕಿಕೊಂಡು, ಉಳಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, ಅಪ್ಪನ ಊರಿಗೆಂದು ಸವದತ್ತಿಯ ಬಸ್ಸು ಹತ್ತಿದೆ. ಬಸ್ಸಿನ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು, ಭಂಡಾರದ ಹಳದಿ, ಉಧೋ ಉಧೋ. ಅಲ್ಲಿ ತಾಯಿ ಇದ್ದಾಳೆ, ಮಗ ಪರಶುರಾಮನ ಗುಡಿಯೂ ಇದೆ. ನನ್ನ ಜಂಗಿನ ತಲೆ ಅತ್ತ ಹರಿಯಿತು. ಅವನು ಮಲಪ್ರಭೆಯಲ್ಲಿ ಕೊಡಲಿ ತೊಳೆದಾಗ ಹೊಳೆಯೆಲ್ಲ ಕೆಂಪಾಗಿ, ನೋಡಿದವರು "ಅಯ್ಯೋ ಹೊಳೆ" ಅಂದರಂತೆ, ಅದೇ ಐಹೊಳೆ ಆಯಿತಂತೆ. ಕ್ಷತ್ರಿಯರ ರಕ್ತ ಎನ್ನುತ್ತಾರೆ. ನನ್ನ ಬಕೇಟಿನ ನೀರನ್ನು ಕಣ್ಣಾರೆ ಕಂಡ ಮೇಲೆ ನನಗೆ ಬೇರೆ ಅನುಮಾನ. ಇಪ್ಪತ್ತೊಂದು ಸಲ ಭೂಮಿ ಸುತ್ತಿದವನಿಗೆ ಕೊಡಲಿಗೆ ಎಣ್ಣೆ ಹಚ್ಚಲು ಪುರುಸೊತ್ತು ಎಲ್ಲಿತ್ತು? ಅದೇ ಹೊಳೆಯ ಬಯಲಿನಲ್ಲಿ ಬಾದಾಮಿಯ ಬಂಡೆಗಳು ಕೆಂಪಗಿರುವುದಂತೂ ಕಬ್ಬಿಣದ ಆಕ್ಸೈಡಿನಿಂದಲೇ, ಎಂದರೆ ಜಂಗಿನ ಸೋದರಸಂಬಂಧಿಯಿಂದ. ಚಾಲುಕ್ಯರು ಅದರಲ್ಲೇ ಗುಡಿ ಕೊರೆದರು, ಯಾರೂ ಹುಣಸೆಹಣ್ಣು ತಿಕ್ಕಲಿಲ್ಲ. ಇದನ್ನು ಪಕ್ಕದ ಸೀಟಿನ ಅಜ್ಜಿಗೆ ಹೇಳೋಣವೆಂದು ಬಾಯಿ ತೆರೆದೆ. ಹಣೆಯ ತುಂಬ ಇದ್ದ ಭಂಡಾರ ನೋಡಿ ಮುಚ್ಚಿದೆ.

ಹಿಂದಿನ ಓಣಿಯ ಅಜ್ಜ ಹೋಗಿ ಎಷ್ಟೋ ವರ್ಷವಾಗಿದೆ. ಮೊಮ್ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬನ್ನಿ ಕೊಟ್ಟೆ, ಉಳಿ ಕೊಟ್ಟೆ, ಕಥೆ ಹೇಳಿದೆ. ಅವನು ಉಳಿಯ ಹೊಳಪನ್ನು ಆಚೀಚೆ ತಿರುವಿ ನೋಡಿ, "ಇದರಾಗ ಏನ್ ಮಾಡೂದ್ರಿ ಕಾಕಾ?" ಅಂದ. ನ್ಯಾಯವಾದ ಪ್ರಶ್ನೆ. ಅವನ ಮೇಜಿನ ಮೇಲಿದ್ದ ಅತಿ ದೊಡ್ಡ ಆಯುಧವೆಂದರೆ ಕಡ್ಡಿಯಷ್ಟು ಸಪೂರದ ಸ್ಕ್ರೂಡ್ರೈವರ್. ಆದರೂ ಒಳಗೆ ಹೋಗಿ ಅಜ್ಜಿಗೆ ತೋರಿಸಿದ. ಅಜ್ಜಿಗೆ ಕಣ್ಣು ಮಂದ; ಹೆಬ್ಬೆರಳಿನಿಂದ ಗುರುತು ತಡವಿದಳು, ಏನೂ ಅನ್ನಲಿಲ್ಲ. ನನಗೆ ಚಹಾ ಹೇಳಿ, ಮೊಮ್ಮಗನಿಗೆ ಕೊಟ್ಟಿಗೆಯ ಕಡೆ ಕೈ ಮಾಡಿದಳು. ಕೊಟ್ಟಿಗೆಯ ಕದಕ್ಕೆ ಅಗುಳಿಯ ಬದಲು ಒಂದು ಕಬ್ಬಿಣದ ತುಂಡು ತೂರಿಸಿದ್ದರು. ಹುಡುಗ ಅಲುಗಾಡಿಸಿ ಅಲುಗಾಡಿಸಿ ಎಳೆದು ತಂದ. ತುದಿಯಲ್ಲಿ ತಿರುಚು ಇತ್ತು, ಬೈರಿಗೆಯ ಮುಳ್ಳೇ ಸರಿ. ಮೇಲೆ ಬೆರಳು ದಪ್ಪದ ಜಂಗು.

ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಮೂರು ಚುಕ್ಕೆ ಇದೆಯೋ ಇಲ್ಲವೋ, ತಿಕ್ಕದೆ ಹೇಳುವ ಹಾಗಿರಲಿಲ್ಲ. ಪೇಪರಿನ ಸುರುಳಿಯನ್ನು ಕಟ್ಟೆಯ ಮೇಲಿಟ್ಟು ಕಾಲು ತೊಳೆಯಲು ಹೋದೆ. ಪೇಪರಿನಿಂದ ಚೂರು ಕೆಂಪು ಪುಡಿ ಉದುರಿತ್ತು. ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸದ್ದಿಲ್ಲದೆ ಎದ್ದು ಒಳಗೆ ಹೋದಳು. ಅಡಿಗೆಮನೆಯ ಕಪಾಟಿಗೆ ಕೀಲಿ ಬಿದ್ದ ಸಪ್ಪಳ ಕೇಳಿಸಿತು.